ಕುಕ್ಕಪ್ಪ ಮತ್ತೆ ಮರ ಹತ್ತಿದ್ದು

ಆಲೆಟ್ಟಿಯ ಕುಕ್ಕಪ್ಪ ನೆಲದ ಮೇಲೆ ಕಾಣಸಿಗುತ್ತಿದ್ದದ್ದೇ ಅಪರೂಪ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದರಲ್ಲಿ ಅವನದು ಎತ್ತಿದ ಕೈ. ಒಮ್ಮೆ ಹತ್ತಿದನೆಂದರೆ ಮರವನ್ನೇ ಬಾಗಿಸಿ, ಪಕ್ಕದ್ದನ್ನು ಹಿಡಿದು ದಾಟುತ್ತ ಇಪ್ಪತ್ತು ಮರ ಮುಗಿಸಿಯೇ ಇಳಿಯುತ್ತಿದ್ದ. ಐವತ್ತನೆಯ ವಯಸ್ಸಿನಲ್ಲಿ ಜಾರಿ ಬಿದ್ದು ಬಲಗಾಲು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಇನ್ನು ಮರ ಹತ್ತುವುದಿಲ್ಲವೆಂದು ಹೆಂಡತಿ ದೇವಮ್ಮ ಮಾತು ತೆಗೆದುಕೊಂಡಳು. ಎರಡು ವರ್ಷ ಮನೆಯಲ್ಲಿ ಕುಳಿತು ಕಂಡಕಂಡವರ ಮೇಲೆಲ್ಲ ರೇಗಿದ.

೧೯೬೭ರ ಬೇಸಿಗೆಯ ಕೊನೆಗೆ ಊರಿನ ದೊಡ್ಡ ಅಡಿಕೆ ಬೆಳೆಗಾರ ತಿರುಮಲೇಶ್ವರ ಭಟ್ಟರು ತಮ್ಮ ತೋಟಕ್ಕೆ ಮದ್ದು ಬಿಡಲು ಹೆಲಿಕಾಪ್ಟರನ್ನೇ ತರಿಸಿದರು. ಊರಿಗೆ ಊರೇ ಗದ್ದೆಯಲ್ಲಿ ನೆರೆಯಿತು. ಕುಕ್ಕಪ್ಪನೂ ಹೊಟ್ಟೆ ಉರಿದುಕೊಂಡೇ ಕುಂಟುತ್ತ ಹೋದ. ಹೆಲಿಕಾಪ್ಟರ್ ಎದ್ದು ತೋಟದ ಅಂಚಿಗೆ ಬರುವಷ್ಟರಲ್ಲಿ ಒಳಗೇನೋ ಕಟಕಟನೆ ಮುರಿಯಿತು. ಗಿರ್ರನೆ ತಿರುಗಿ ಹೆಬ್ಬಲಸಿನ ಮರದ ಕವಲಿಗೆ ಸಿಕ್ಕಿಬಿತ್ತು. ಪಂಜಾಬಿನ ಪೈಲಟ್ ಸೀಟಿನ ಪಟ್ಟಿಯಲ್ಲಿ ನೇತಾಡುತ್ತಿದ್ದ. ಪೆಟ್ರೋಲು ತೊಟ್ಟಿಕ್ಕುತ್ತಿತ್ತು.

ಆ ಕಾಂಡ ಯಾರ ತೆಕ್ಕೆಗೂ ಸಿಕ್ಕುವಂಥದ್ದಲ್ಲ. ಏಣಿ ಅರ್ಧಕ್ಕೂ ಮುಟ್ಟಲಿಲ್ಲ. ಪಕ್ಕದ ಅಡಿಕೆ ಮರದಿಂದ ದಾಟಬಹುದಿತ್ತು, ಆದರೆ ಪ್ರಾಯದವರೆಲ್ಲ ಪೆಟ್ರೋಲಿನ ವಾಸನೆಗೆ ಹಿಂದೆ ಸರಿದರು. ಕುಕ್ಕಪ್ಪ ಮರ ಹತ್ತುವ ತಳೆಯನ್ನು ಕಾಲಿಗೆ ಸಿಕ್ಕಿಸಿಕೊಂಡ. ದೇವಮ್ಮ ಓಡಿಬಂದು ಕೈ ಹಿಡಿದಳು.

"ನನಗೆ ಮಾತು ಕೊಟ್ಟದ್ದು ಎಂತ ನೀವು?"

"ಮೇಲೆ ಜನ ಉಂಟು, ದೇವಮ್ಮಾ. ಬಿಡು."

ಅವಳು ಬಿಟ್ಟಳು. ಅವನ ಸೊಂಟಕ್ಕೆ ಕತ್ತಿಯನ್ನೂ ಹಗ್ಗವನ್ನೂ ತಾನೇ ಬಿಗಿದಳು.

ಮುರಿದಿದ್ದ ಕಾಲು ನೋಯುತ್ತಿತ್ತು. ಕುಕ್ಕಪ್ಪ ಹಲ್ಲು ಕಚ್ಚಿ ಅಡಿಕೆ ಮರ ಹತ್ತಿದ. ಮರವನ್ನು ಎರಡು ಸಲ ತೂಗಿದರೂ ಹೆಬ್ಬಲಸಿನ ಕೊಂಬೆ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಪೈಲಟನ ಕಂಕುಳಿಗೆ ಹಗ್ಗ ಹಾಕಿ, ಕೊಂಬೆಗೆ ಸುತ್ತಿ, ಕತ್ತಿಯಿಂದ ಪಟ್ಟಿ ಕೊಯ್ದು ನಿಧಾನಕ್ಕೆ ಇಳಿಸಿದ. ಆಮೇಲೆ ಬಂದ ದಾರಿಯಲ್ಲೇ ತಾನೂ ಇಳಿದ. ಅವನ ಪಾದ ನೆಲಕ್ಕೆ ತಾಗಿದ ಮೇಲೆ ದೇವಮ್ಮ ಗಟ್ಟಿಯಾಗಿ ಅತ್ತಳು.

ವಾರದ ಬಳಿಕ ಇಬ್ಬರೂ ಭಟ್ಟರ ಜೊತೆ ಪುತ್ತೂರಿನ ಆಸ್ಪತ್ರೆಗೆ ಹೋದರು. ಪೈಲಟನ ಎರಡೂ ಕಾಲಿಗೆ ಕಟ್ಟು. ನಿನಗೆ ಏನು ಕೊಡಲಿ ಎಂದು ಅವನು ಹಿಂದಿಯಲ್ಲಿ ಕೇಳಿದ್ದನ್ನು ಭಟ್ಟರು ತಿಳಿಸಿದರು.

"ನನಗೆ ಎಂತ ಸಹ ಬೇಡ ಭಟ್ರೆ. ಇನ್ನು ಹಾರುದುಂಟಾ ಅಂತ ಕೇಳಿ."

ಪೈಲಟ್ ನಗುತ್ತ ತಲೆಯಾಡಿಸಿದ. ಕಾಲು ಸರಿಯಾದ ಮರುದಿನವೇ ಅಂತೆ.

ಕುಕ್ಕಪ್ಪ ಹೆಂಡತಿಯ ಕಡೆ ತಿರುಗಿದ. ದೇವಮ್ಮ ಆ ಕಟ್ಟುಗಳನ್ನೇ ನೋಡುತ್ತ, ಇನ್ನು ನೀವೂ ಹತ್ತಿ ಎಂದಳು.

ಆ ಮಳೆಗಾಲ ಭಟ್ಟರ ತೋಟಕ್ಕೆ ಮದ್ದು ಬಿಟ್ಟದ್ದು ಕುಕ್ಕಪ್ಪನೇ. ದೇವಮ್ಮ ಮರದ ಬುಡದಲ್ಲಿ ನಿಂತು ಮದ್ದು ಕಲಸಿಕೊಟ್ಟಳು. ಒಮ್ಮೆಯೂ ತಲೆಯೆತ್ತಿ ಮೇಲೆ ನೋಡಲಿಲ್ಲ.