ಒಂಬತ್ತನೆಯ ದಿನ ಬಿಚ್ಚಿಸಿದ ಹೊಲಿಗೆ

ಇದನ್ನು ಬರೆಯಲು ಕುಳಿತು, ನೀರು ಕುಡಿಯುವ ನೆಪದಲ್ಲಿ ಎದ್ದುಹೋದದ್ದು ಒಂದೆರಡು ಸಲವಲ್ಲ. ಮಕ್ಕಳ ಮದುವೆ ಮುಗಿಯಲಿ, ನಿವೃತ್ತಿಯಾಗಲಿ ಎಂದು ಮುಂದೂಡುತ್ತಲೇ ಬಂದೆ. ಈಗ ಎಂಬತ್ತು ದಾಟಿದೆ. ನೆಪಗಳೂ ಮುಗಿದಿವೆ.

ಅರವತ್ತರ ದಶಕದ ಆರಂಭದ ಮಾತು. ಹೈಸ್ಕೂಲು ಮುಗಿಸಿದ್ದ ನನಗೆ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾದ ಮೇಲೆ ಕ್ವಾರ್ಟರ್ಸೂ ಸಿಕ್ಕಿತು. ಹೆಂಡತಿ ರಾಜಾನುಕುಂಟೆಯ ಬೇಸಾಯದ ಮನೆಯವಳು. ಅವಳ ಗದ್ದದ ಮೇಲೆ ಸಾಲಾಗಿ ಮೂರು ಹಚ್ಚೆಯ ಚುಕ್ಕೆಗಳಿದ್ದವು. ಹಣೆಯಲ್ಲೂ ಒಂದಿತ್ತು, ಅದು ಕುಂಕುಮದಡಿ ಮುಚ್ಚಿಹೋಗುತ್ತಿತ್ತು. ಅವಳ ಊರಿನಲ್ಲಿ ಹಚ್ಚೆಯಿಲ್ಲದ ಹುಡುಗಿಯೇ ಇರಲಿಲ್ಲ. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಹಚ್ಚೆಯಿದ್ದವಳು ಅವಳೊಬ್ಬಳೇ.

ಒಂದು ದಿನ ಕ್ಯಾಂಟೀನಿನಲ್ಲಿ, ನನ್ನ ಪಕ್ಕದ ಮೆಷಿನ್ನಿನವನು ಎಲ್ಲರಿಗೂ ಕೇಳುವಂತೆ, "ಏನ್ ಗುರು, ನಿಮ್ಮತ್ತೆ ಮನೆಯವ್ರು ಹುಡುಗೀನ ಪೋಸ್ಟಲ್ಲಿ ಕಳಿಸಿದ್ರಾ? ಮುದ್ರೆ ಹಂಗೇ ಇದೆಯಲ್ಲ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅವಳ ಮುಖ ನೋಡದೆ ಊಟ ಮಾಡಿದೆ.

ಕಂಟೋನ್ಮೆಂಟ್ ಕಡೆ ಮುಖದ ಆಪರೇಷನ್ ಮಾಡುವ ಡಾಕ್ಟರೊಬ್ಬರು ಇದ್ದಾರೆಂದು ತಿಳಿದು, ಗದ್ದದ ಹಚ್ಚೆ ತೆಗೆಸೋಣ ಎಂದೆ. "ನಿಮಗೆ ಬೇಡ ಅನ್ಸಿದ್ರೆ ತೆಗ್ಸಿ. ತುಂಬಾ ನೋಯುತ್ತಾ?" ಎಂದು ಅಷ್ಟೇ ಕೇಳಿದಳು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು. "ಗುರುತೇ ಉಳಿಯದ ಹಾಗೆ ಮಾಡೋಕೆ ನನ್ನ ಕೈಲಾಗಲ್ಲ. ತೆಳ್ಳಗೆ ಒಂದು ಗೆರೆ ಉಳಿಯೋ ಹಾಗೆ ಮಾಡ್ತೀನಿ. ಆಮೇಲಿಂದು ನಿಮ್ಮ ಕೈಲಿದೆ. ಗಾಯಕ್ಕೆ ಏನೂ ಹಚ್ಬೇಡಿ, ಬಿಸಿಲು ತಾಗಿಸ್ಬೇಡಿ, ಹೆಚ್ಚು ಅಗೀಬೇಡಿ, ನಗ್ಬೇಡಿ. ಐದನೇ ದಿನ ಬಂದು ಹೊಲಿಗೆ ಬಿಚ್ಚಿಸ್ಬೇಕು. ತಡ ಮಾಡಿದ್ರೆ ದಾರ ಕೂತ ಜಾಗದಲ್ಲೆಲ್ಲ ಅಡ್ಡಗೆರೆ ಬಿದ್ದು, ಗೋಣಿಚೀಲ ಹೊಲಿದ ಹಾಗೆ ಕಾಣುತ್ತೆ."

ಊರಿನಲ್ಲಿ ದೇವರ ಕಾರ್ಯವಿದೆ ಎಂದು ಸುಳ್ಳು ಹೇಳಿ ಶನಿವಾರ ರಜೆ ಪಡೆದೆ. ಆಪರೇಷನ್ ಆಯಿತು. ಅಡುಗೆ ನೋಡಿಕೊಳ್ಳಲು ಅತ್ತೆ ಬಂದರು. ಮಗಳ ಗದ್ದದ ಬ್ಯಾಂಡೇಜು ನೋಡಿ, "ಅಚ್ಚೆ ಉಯ್ಸೋವಾಗ ಇವ್ಳ ತಲೆ ಇಡ್ಕೊಂಡಿದ್ದೋಳು ನಾನೇ. ಈಗ ಕೀಳಿಸ್ದಾಗ್ಲೂ ನಾನೇ ಬರಂಗಾಯ್ತು" ಅಂದರು.

"ನಗಿಸ್ಬೇಡವ್ವ, ಎಳಿಯುತ್ತೆ" ಎಂದು ಹೆಂಡತಿ ತುಟಿ ಅಲ್ಲಾಡಿಸದೆ ಗೊಣಗಿದಳು.

ಅತ್ತೆ ನನ್ನ ಕಡೆ ತಿರುಗಿ, "ನಮ್ಮಲ್ಲಿ ಗಾಯಕ್ಕೆ ಅರಿಸಿನ ಅಚ್ತೀವಿ. ಅಚ್ಲಾ ಅಳಿಯಂದ್ರೆ?" ಅಂದರು.

"ಡಾಕ್ಟ್ರು ಏನೂ ಹಚ್ಬಾರ್ದು ಅಂದಿದಾರೆ."

"ಅಂಗಾದ್ರೆ ಬುಡಿ."

ಮತ್ತೆ ಆ ಮಾತೆತ್ತಲಿಲ್ಲ. ಬಿಸಿಲು ಬರುವ ಕಿಟಕಿಗೆ ತಮ್ಮ ಸೀರೆ ಕಟ್ಟಿದರು. ಅಗಿಯುವ ಕೆಲಸವಿಲ್ಲದಂತೆ ರಾಗಿ ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸಿದರು.

ಗುರುವಾರಕ್ಕೆ ಐದು ದಿನವಾಯಿತು. ನಾನು ಷರ್ಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಎದುರು ನಿಂತು ಐದು ಬೆರಳು ತೋರಿಸಿದಳು. ವಾರ ತುಂಬುವ ಮೊದಲೇ ಮತ್ತೆ ರಜೆ ಕೇಳಿದರೆ ಕಾರಣ ಹೇಳಬೇಕಿತ್ತು. ಹೇಳಿದರೆ ಸಂಜೆಯೊಳಗೆ ಕ್ವಾರ್ಟರ್ಸಿಗೆಲ್ಲ ಗೊತ್ತಾಗುತ್ತಿತ್ತು. ಅವಳಿಗೆ ಜ್ವರವೆಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ.

"ಸೋಮವಾರದಿಂದ ನನಗೆ ಸೆಕೆಂಡ್ ಶಿಫ್ಟು. ಬೆಳಿಗ್ಗೆ ಹೋಗ್ಬರೋಣ. ನಾಕು ದಿನಕ್ಕೆ ಏನೂ ಆಗಲ್ಲ" ಎಂದೆ.

"ನಾನೇ ಕರ್ಕೊಂಡೋಗ್ಲಾ? ಯಾವ ಬಸ್ಸು ಅಂತ ಏಳ್ಕೊಡಿ ಸಾಕು" ಎಂದರು ಅತ್ತೆ.

ಪೇಟೆಯಲ್ಲಿ ನಿಮಗೆ ದಾರಿ ಗೊತ್ತಾಗುವುದಿಲ್ಲ ಎಂದೆ. ಬ್ಯಾಂಡೇಜು ಕಟ್ಟಿದ ಮುಖದೊಂದಿಗೆ ಅವಳು ಅಷ್ಟೂ ಮನೆಗಳ ಮುಂದೆ ನಡೆದುಹೋಗುವುದು ನನಗೆ ಬೇಡವಾಗಿತ್ತು.

ಶನಿವಾರದ ಹೊತ್ತಿಗೆ ದಾರದ ಸುತ್ತ ಕೆಂಪಾಯಿತು. ಭಾನುವಾರ ಊದಿತು. ಅವಳು ಕನ್ನಡಿ ಕೇಳಿದಳು, ನಾನು ಕೊಡಲಿಲ್ಲ. ಸೋಮವಾರ ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಸೆರಗು ಹೊದಿಸಿ, ಮೂವರೂ ಹೊರಟೆವು. ಯಶವಂತಪುರದಲ್ಲಿ ಬಸ್ಸು ಬದಲಾಯಿಸಿದೆವು.

ಡಾಕ್ಟರು ಬಟ್ಟೆ ಬಿಚ್ಚಿ ಬಗ್ಗಿ ನೋಡಿದರು. "ಇವತ್ತು ಎಷ್ಟನೇ ದಿನ?"

"ಒಂಬತ್ತು ಸಾರ್."

"ನಾನು ಹೇಳಿದ್ದೆಷ್ಟು?"

ನಾನು ತಡವರಿಸದೆ ಹೇಳಿದೆ: "ನಮ್ಮತ್ತೆ ಹಳ್ಳಿಯವ್ರು ಸಾರ್. ಡಾಕ್ಟ್ರತ್ರ ಹೋಗೋದು ಬೇಡ, ಅರಿಸಿನದಲ್ಲೇ ವಾಸಿಯಾಗುತ್ತೆ ಅಂತ ಹಠ ಹಿಡಿದು ಹಚ್ಚಿಬಿಟ್ರು."

ಹೆಂಡತಿ ಮೇಜಿನ ಮೇಲೆ ಮಲಗಿದ್ದಳು. ಇಕ್ಕಳ ಗದ್ದದ ಮೇಲಿತ್ತು. ಅವಳು ಬಾಯಿ ತೆರೆಯಹೋದಾಗ ಡಾಕ್ಟರು "ಅಲ್ಲಾಡ್ಬೇಡಮ್ಮ" ಎಂದರು. ಅವಳು ಕಣ್ಣು ಮಾತ್ರ ನನ್ನತ್ತ ಹೊರಳಿಸಿದಳು.

ಹೊಲಿಗೆ ಬಿಚ್ಚಿ ಮುಗಿಸಿ, ಡಾಕ್ಟರು ಹೊರಗೆ ಬೆಂಚಿನ ಮೇಲಿದ್ದ ಅತ್ತೆಯನ್ನು ಕರೆಸಿದರು. ಬೆಳಿಗ್ಗೆ ಸ್ನಾನ ಮಾಡುವಾಗ ಹಚ್ಚಿಕೊಂಡ ಅರಿಸಿನ ಅವರ ಕೆನ್ನೆಯಲ್ಲಿ, ಕೈಗಳಲ್ಲಿ ಇನ್ನೂ ಇತ್ತು. ಡಾಕ್ಟರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಮಗಳ ಮುಖ ಹಾಳು ಮಾಡಿದೆಯಲ್ಲಮ್ಮ. ಅರಿಸಿನ ಹಚ್ಚು ಅಂತ ಯಾರು ಹೇಳಿದ್ರು ನಿಂಗೆ?"

ಅತ್ತೆಗೆ ಮೊದಲು ಏನೂ ತಿಳಿಯಲಿಲ್ಲ. ಮಗಳ ಗದ್ದ ನೋಡಿದರು. ನನ್ನನ್ನು ನೋಡಿದರು. ನಾನು ಕತ್ತರಿಸಿದ ದಾರದ ತುಂಡುಗಳಿದ್ದ ತಟ್ಟೆಯನ್ನೇ ನೋಡುತ್ತಿದ್ದೆ.

"ತೆಪ್ಪಾಯ್ತು ಬುದ್ಧಿ" ಎಂದು ಅವರು ಕೈಮುಗಿದರು. "ಅಳಿಯಂದ್ರು ಬ್ಯಾಡ ಅಂತಾನೇ ಅಂದ್ರು. ನಾನೇ ಕೇಳ್ನಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಹೆಂಡತಿ ಬಿಕ್ಕುತ್ತಿದ್ದಳು. "ಸುಮ್ಕಿರು, ಗಾಯ ಎಳಿಯುತ್ತೆ. ಅವ್ರು ನಾಕು ಜನದ ಮಧ್ಯೆ ಇರೋರು" ಎಂದು ಅತ್ತೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಮಧ್ಯಾಹ್ನವೇ ಊರಿಗೆ ಹೊರಟುಹೋದರು.

ಎರಡು ವಾರದ ಮೇಲೆ ಡಾಕ್ಟರು ಹೇಳಿದಂತೆ, ದಿನಕ್ಕೆರಡು ಸಲ ವ್ಯಾಸಲೀನ್ ಹಚ್ಚಿ ಬೆರಳಿನಿಂದ ಒತ್ತಿ ತಿಕ್ಕತೊಡಗಿದೆ. ಒಂದು ವರ್ಷ ಬಿಡದೆ ಮಾಡಿದೆ. ಅವಳು ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ಉದ್ದದ ಗೆರೆ ಬೆಳ್ಳಗೆ, ಕೂದಲೆಳೆಯಷ್ಟಾಯಿತು. ಅಡ್ಡಗೆರೆಗಳು ಮಾತ್ರ ಹಾಗೇ ಉಳಿದವು. ಕೇಳಿದವರಿಗೆಲ್ಲ ನಾನು "ನಮ್ಮತ್ತೆ ಮಾಡಿದ ಕೆಲಸ" ಎನ್ನುತ್ತಿದ್ದೆ. ಆ ಮಾತು ರಾಜಾನುಕುಂಟೆಯನ್ನೂ ತಲುಪಿತು. ನೆಂಟರು ಮದುವೆ ಮನೆಗಳಲ್ಲಿ ಅವರ ಮುಖದೆದುರೇ ಆಡಿದರು. ಅವರು ಅಲ್ಲಗಳೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಹತ್ತಿರ ತಪ್ಪೊಪ್ಪಿಕೊಂಡೆ. "ನನ್ನದು ಬಿಡಿ. ಅವ್ವ ಇನ್ನೂ ಇದಾಳೆ. ಒಂದ್ಸಲ ಹೋಗಿ ಹೇಳ್ಬನ್ನಿ" ಎಂದಳು.

ಹೋದೆ. ಜಗಲಿಯ ಮೇಲೆ ಕುಳಿತು ಅವರು ಕೊಟ್ಟ ಕಾಫಿ ಕುಡಿದೆ. ಈ ಸಲದ ರಾಗಿ ಹೇಗೆ ಬಂತು ಎಂದು ಕೇಳಿದೆ. ಕಣ್ಣಿನ ಪೊರೆಯ ಮಾತಾಡಿದೆವು. ಕೊನೆಗೆ ಅವರೇ, "ಏನಾರಾ ಏಳೋದಿತ್ತಾ ಅಳಿಯಂದ್ರೆ?" ಎಂದರು.

"ಏನಿಲ್ಲ. ಸುಮ್ನೆ ಬಂದೆ."

ಬಸ್ಸಿನವರೆಗೂ ಬಂದು ಬೀಳ್ಕೊಟ್ಟರು. ಆ ವರ್ಷವೇ ತೀರಿಕೊಂಡರು. ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ, ನನ್ನ ಹೆಂಡತಿಯ ತಾಯಿಯಲ್ಲಿ, ನನ್ನ ಅತ್ತೆಯಲ್ಲಿ.