ಗುತ್ಯಪ್ಪನ ಎದೆಯ ಕಾವಲುಗಾರರು

ಪಕ್ಕದ ಗದ್ದೆಯ ಚೌಡಪ್ಪನ ಎಮ್ಮೆ ಬದುವಿನ ಮೇಲೆ ಒಂದು ಕಾಲಿಟ್ಟರೂ ಸಾಕು, ಜಡೆ ಊರಿನ ಗುತ್ಯಪ್ಪ ಸೊರಬದ ಬಸ್ಸು ಹತ್ತಿ, ಗಡಿ ಅಳೆಯಿರೆಂದು ಹದ್ದುಬಸ್ತಿನ ಅರ್ಜಿ ಕೊಟ್ಟು ಬರುತ್ತಿದ್ದ. ಮೂರು ಸಲ ಅಳೆಸಿದರೂ ಬದು ಇದ್ದಲ್ಲೇ ಇತ್ತು. ಸರ್ವೆಯರ್ ಬಂದರೆ ಮನೆಯ ನಾಯಿಯೂ ಬೊಗಳುವುದನ್ನು ಬಿಟ್ಟಿತ್ತು.

ನಾಲ್ಕನೆಯ ಅರ್ಜಿ ಬರೆಯುವ ಹೊತ್ತಿಗೆ ಬೂಷ್ಟು ಹಿಡಿದ ಹುಲ್ಲಿನ ಧೂಳಿಗೆ ಅವನಿಗೆ ಉಬ್ಬಸ ಹತ್ತಿತು. ಹೆಂಡತಿ ಯಮುನಮ್ಮ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದೊಯ್ದಳು.

“ಧೂಳು ಅಂಥಾದ್ದೇನೂ ಮಾಡಿಲ್ರೀ,” ಎಂದರು ಡಾಕ್ಟರು. “ನಿಮ್ಮ ಎದೆಯೊಳಗೆ ಕಾವಲಿಗಿರೋ ಬಿಳಿ ರಕ್ತಕಣಗಳು ಅದನ್ನ ವೈರಿ ಅಂತ ತಿಳ್ಕೊಂಡು, ಇರೋಬರೋರನ್ನೆಲ್ಲ ಸೇರಿಸಿ ಗಲಾಟೆ ಎಬ್ಬಿಸ್ತಾವೆ. ಆ ಗಲಾಟೆಗೇ ಉಸಿರಿನ ದಾರಿ ಊದ್ಕೊಂಡು ಕಟ್ಟೋದು. ಈ ಪಂಪು ಬಾಯಿಗಿಟ್ಟು ದಿನಾ ಎರಡು ಸಲ ಎಳ್ಕೊಳ್ಳಿ, ಅವು ತಣ್ಣಗಾಗ್ತಾವೆ.”

ಯಮುನಮ್ಮ ಗಂಡನ ಕಡೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಿಮಗೂ ಕೆಮ್ಮು ಐತೇನ್ರೀ?” ಎಂದು ಡಾಕ್ಟರು ಕೇಳಿದರು.

ಮರುವಾರ ಚೌಡಪ್ಪನ ಎಮ್ಮೆ ಮತ್ತೆ ಬದು ಹತ್ತಿತು. ಗುತ್ಯಪ್ಪ ಬಸ್ಸಿಗೆ ಹೊರಡಲು ಅಂಗಿ ಹಾಕಿಕೊಂಡ. ಯಮುನಮ್ಮ ಪಂಪು ತಂದು ಅವನ ಕೈಗಿಟ್ಟಳು.

“ನಂಗೀಗ ಉಬ್ಬಸ ಇಲ್ಲ ಮಾರಾಯ್ತಿ.”

“ಗೊತ್ತು,” ಎಂದಳು ಅವಳು. “ಎಳ್ಕಳಿ.”