ಶಾರ್ಟ್‌ವೇವ್ ಬಂದಾಯಿತು, ತಮ್ಮ ಬಂದ

ರೇಡಿಯೋ ಸುಮ್ಮನಾದರೆ ಅದರ ನೆತ್ತಿಗೆ ಎರಡು ಬಡಿಯುವುದು ನನಗೆ ಗೊತ್ತಿರುವ ಒಂದೇ ಚಿಕಿತ್ಸೆ. ಆ ಸಂಜೆ ನಾಲ್ಕು ಬಡಿದೆ. ಸೆಲ್ಲು ಬದಲಿಸಿದೆ. ಏರಿಯಲ್‌ಗೆ ತಂತಿ ಕಟ್ಟಿ ದೊಡವಾಡದ ನಮ್ಮ ಮನೆಯ ಮಾಳಿಗೆಯವರೆಗೂ ಎಳೆದೆ. ದೂರದ ದೇಶದಿಂದ ಶಾರ್ಟ್‌ವೇವ್‌ನ ಮೂವತ್ತೊಂದನೇ ಮೀಟರಿನಲ್ಲಿ ವರ್ಷಗಟ್ಟಲೆ ತಪ್ಪದೆ ಬರುತ್ತಿದ್ದ ಹಿಂದಿ ಸುದ್ದಿಯ ಜಾಗದಲ್ಲಿ ಬರೀ ಸುಂಯ್ ಎನ್ನುವ ಸದ್ದು.

‘ಇನ್ನು ಮುಂದೆ ನಮ್ಮನ್ನು ಇಂಟರ್ನೆಟ್‌ನಲ್ಲಿ ಕೇಳಿ’ ಎಂದು ಸುದ್ದಿ ಓದುವವನು ಮೊದಲೇ ಹೇಳಿದ್ದ. ಅವನು ಹೇಳಿದ್ದನ್ನೆಲ್ಲ ನಂಬುತ್ತಿದ್ದ ನಾನು ಅದೊಂದನ್ನು ಮಾತ್ರ ನಂಬಿರಲಿಲ್ಲ. ನಿಜವಾಗಿಯೂ ಬಂದ್ ಮಾಡಿಬಿಡುವುದೇ! ಬಳಗದವರು ಯಾರೋ ಹೋದಂತೆ ಕುಳಿತೆ.

ಪಕ್ಕದ ಮನೆ ನನ್ನ ತಮ್ಮ ಬಸುವಿನದು. ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂಬ ಜಗಳದಲ್ಲಿ ನಾವು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಶಾರ್ಟ್‌ವೇವ್ ಅಲೆಗಳು ಆಕಾಶಕ್ಕೆ ಬಡಿದು, ಪುಟಿದು, ಸಮುದ್ರ ದಾಟುತ್ತವೆಯಂತೆ. ಅಲ್ಲಿಂದ ಬಂದ ದನಿ ನಮ್ಮ ನಡುಗೋಡೆಯನ್ನೂ ದಾಟುತ್ತಿತ್ತೆಂಬುದು ನನಗೆ ಹೊಳೆದಿರಲಿಲ್ಲ.

ಎರಡು ದಿನ ಬಿಟ್ಟು ಹೆಂಡತಿ ಒಳಗೆ ಓಡಿ ಬಂದಳು. “ಏನ್ರಿ, ಬಸು ಬಂದಾನ! ಬಾಗಲದಾಗ ನಿಂತಾನ!”

ಯಾರಿಗೇನಾಯಿತೋ! ಬಸು ಒಳಗೆ ಬಂದವನೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

“ಆರಾಮ ಅದಿಯಲ್ಲ ಅಣ್ಣಾ?”

“ಅದೇನಿ. ಯಾಕ?”

“ನಿನ್ನ ರೇಡಿಯೋ ಕೇಳಸವಲ್ದು. ನಿನಗ ಏನರ ಆತೇನಂತ ಗಾಬ್ರಿ ಆತು.”

“ನೀ ಕೇಳ್ತಿದ್ದೇನು?”

“ದಿನಾ. ಗ್ವಾಡಿಗೆ ಬೆನ್ನ ಹಚ್ಚಿ ಕುಂಡ್ರತಿದ್ನಿ.”

ರೇಡಿಯೋ ಕೇಂದ್ರ ಬಂದಾದಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ. ಒಬ್ಬನೇ ಕೇಳುತ್ತಿದ್ದೇನೆಂದುಕೊಂಡಿದ್ದ ಯುದ್ಧ, ಚುನಾವಣೆ, ಭೂಕಂಪಗಳನ್ನೆಲ್ಲ ನಾವಿಬ್ಬರೂ ಗೋಡೆಯ ಆಚೀಚೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕೇಳಿದ್ದೆವು.

“ನನಗೇನೂ ಆಗಿಲ್ಲೋ,” ಎಂದೆ. “ರೇಡಿಯೋದವರೇ ಬಂದ್ ಮಾಡ್ಯಾರ. ಇನ್ನ ಇಂಟರ್ನೆಟ್‌ನ್ಯಾಗ ಕೇಳಬೇಕಂತ.”

“ಅದು ಎಷ್ಟನೇ ಮೀಟರಿನ್ಯಾಗ ಬರ್ತೈತಿ?”

ನನಗೂ ಗೊತ್ತಿರಲಿಲ್ಲ. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋಗಿ, ಒಂದು ಕಂಪ್ಯೂಟರ್ ಅಂಗಡಿ ಹೊಕ್ಕೆವು. ಅಂಗಡಿಯವನು ಬಹಳ ಹೆಣಗಾಡಿ ಅದೇ ಸುದ್ದಿಯವನನ್ನು ಹಿಡಿದುಕೊಟ್ಟ. ಕಂಪ್ಯೂಟರಿನೊಳಗೆ ಆತ ಎರಡು ಮಾತಾಡಿ ನಿಲ್ಲುವನು, ಕಾಯಿಸಿ ಮತ್ತೆರಡು ಆಡುವನು.

“ಪಾಪ, ಇವಗ ದಮ್ಮ ಹತ್ತೇತಿ,” ಎಂದ ಬಸು.

ಈಗ ಸಂಜೆಯಾದರೆ ಬಸು ನಮ್ಮ ಪಡಸಾಲೆಯಲ್ಲಿರುತ್ತಾನೆ. ಕೇಳಲು ಏನೂ ಇಲ್ಲದ್ದರಿಂದ ನಾವೇ ಮಾತಾಡಬೇಕಾಗಿದೆ. ಮೊನ್ನೆ ಹತ್ತಿಯನ್ನು ಯಾವಾಗ ಮಾರಬೇಕೆಂಬುದರ ಮೇಲೆ ದನಿ ಏರಿ, ಅವನು ದಡಕ್ಕನೆ ಎದ್ದು ಹೋದ. ಮರುದಿನ ಅದೇ ಹೊತ್ತಿಗೆ ಬಂದು, ಬಿಟ್ಟಲ್ಲಿಂದಲೇ ಜಗಳ ಮುಂದುವರಿಸಿದ.